ಭಂಡಾರದ ಹಳದಿ

ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರನ್ನು ಎಲ್ಲಿಗೆ ಹೋಗಿದ್ರಿ ಅಂತ ಯಾರೂ ಕೇಳುವುದಿಲ್ಲ. ಹಣೆ, ಕೂದಲು, ಅಂಗಿಯ ಹೆಗಲು, ಸೀರೆಯ ಸೆರಗು, ಚಕ್ಕಡಿಯ ನೊಗ, ಟ್ರ್ಯಾಕ್ಟರಿನ ಮುಂಭಾಗ, ಎಲ್ಲದರ ಮೇಲೂ ಭಂಡಾರ ಕುಳಿತಿರುತ್ತದೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಉತ್ತರ ಕರ್ನಾಟಕದಿಂದ ಮಾತ್ರವಲ್ಲ, ಮಹಾರಾಷ್ಟ್ರದಿಂದಲೂ ಲಕ್ಷಗಟ್ಟಲೆ ಜನ ಸವದತ್ತಿಗೆ ಬರುತ್ತಾರೆ. ಜೋಗುಳಬಾವಿಯಲ್ಲಿ ಸ್ನಾನ ಮಾಡಿ ಗುಡ್ಡ ಹತ್ತುತ್ತಾರೆ. ‘ಉಧೋ ಉಧೋ’ ಎಂದು ಕೂಗುತ್ತಾ ಮುಷ್ಟಿಗಟ್ಟಲೆ ಭಂಡಾರ ತೂರುತ್ತಾರೆ, ಹಣೆಗೆ ಹಚ್ಚಿಕೊಳ್ಳುತ್ತಾರೆ, ಒಂದು ಚಿಟಿಕೆ ಬಾಯಿಗೂ ಹಾಕಿಕೊಳ್ಳುತ್ತಾರೆ. ಚೊಚ್ಚಲ ಕೂಸಿನ ಹಣೆಗೂ ಅದೇ, ಮುಪ್ಪಿನ ಅಜ್ಜಿಯ ನಾಲಿಗೆಗೂ ಅದೇ.

ಭಂಡಾರ ಅಂದರೆ ಅರಿಸಿನ. ನಮ್ಮ ಕಡೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಯಾಕೆಂದರೆ ಬೇರೆ ಏನಾದರೂ ಆಗಿರಬಹುದು ಎಂಬ ಯೋಚನೆಯೇ ಯಾರಿಗೂ ಬರುವುದಿಲ್ಲ. ಹಳದಿ ಕಂಡರೆ ಅರಿಸಿನ. ಕಣ್ಣು ಇಷ್ಟಕ್ಕೇ ಒಪ್ಪಿಕೊಳ್ಳುತ್ತದೆ. ಕಣ್ಣು ಒಪ್ಪಿದ್ದನ್ನು ಒಂದು ಯಂತ್ರ ಒಪ್ಪದೇ ಹೋದಾಗ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮವ್ವ ಜಾತ್ರೆಯ ದಿನಗಳಲ್ಲಿ ಗುಡ್ಡದ ದಾರಿಯಲ್ಲಿ ಅಂಗಡಿ ಇಡುತ್ತಾಳೆ. ಅಂಗಡಿ ಎಂದರೆ ನಾಲ್ಕು ಗಳ, ಮೇಲೊಂದು ತಾಡಪಾಲು, ಕೆಳಗೊಂದು ಹಲಗೆ. ಹಲಗೆಯ ಮೇಲೆ ಟೆಂಗಿನಕಾಯಿ, ಬಾಳೆಹಣ್ಣು, ಊದಿನಕಡ್ಡಿ, ಹಸಿರು ಬಳೆ, ಕುಂಕುಮ, ನಡುವೆ ದೊಡ್ಡ ತಾಟಿನಲ್ಲಿ ಗೋಪುರದಂತೆ ಏರಿಸಿದ ಭಂಡಾರ. ಉಳಿದದ್ದೆಲ್ಲ ಅಷ್ಟಿಷ್ಟು ಹೋಗುತ್ತದೆ, ಭಂಡಾರ ಮಾತ್ರ ಎಲ್ಲರಿಗೂ ಬೇಕು. ನನ್ನ ಹಾಸ್ಟೆಲ್ಲಿನ ಖರ್ಚು, ಪುಸ್ತಕದ ಖರ್ಚು ಆ ತಾಟಿನಿಂದಲೇ ಬಂದದ್ದು.

ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುತ್ತಿದ್ದಾಗ ನನ್ನ ಪ್ರಾಜೆಕ್ಟು ಜಿಂಕ್ ಆಕ್ಸೈಡಿನ ನ್ಯಾನೊ ಕಣಗಳ ಮೇಲೆ ಇತ್ತು. ಜಿಂಕ್ ಆಕ್ಸೈಡ್ ಒಂದು ಬಿಳಿ ಪುಡಿ, ನೋಡಲು ಸುಣ್ಣದ ಪುಡಿಯ ಹಾಗೆ. ಅದನ್ನು ತಯಾರಿಸಿದ ಮೇಲೆ, ಬೇಕಾದದ್ದೇ ಬಂದಿದೆಯೇ ಎಂದು ನೋಡಲು ನಾವು ಮೊದಲು ಹೋಗುತ್ತಿದ್ದದ್ದು ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್ ಹತ್ತಿರ. ಇದಕ್ಕಿಂತ ದುಬಾರಿ, ಇದಕ್ಕಿಂತ ಜಾಣ ಯಂತ್ರಗಳು ಬೇರೆ ಇವೆ. ಆದರೆ ಹತ್ತು ನಿಮಿಷದಲ್ಲಿ ಮೊದಲ ಸುದ್ದಿ ಕೊಡುವುದು ಇದೇ.

ಹೊರಗಿನಿಂದ ನೋಡಿದರೆ ಅದು ಮುಚ್ಚಳವಿರುವ ಒಂದು ಡಬ್ಬಿ, ಅಷ್ಟೇ. ಒಳಗೆ ಎರಡು ದೀಪ: ಕಾಣುವ ಬೆಳಕಿಗೆ ಟಂಗ್‌ಸ್ಟನ್ ದೀಪ, ಕಣ್ಣಿಗೆ ಕಾಣದ ನೇರಳಾತೀತ ಬೆಳಕಿಗೆ ಡ್ಯೂಟೇರಿಯಂ ದೀಪ. ಸೂಕ್ಷ್ಮ ಗೆರೆಗಳನ್ನು ಕೊರೆದ ಒಂದು ಗ್ರೇಟಿಂಗ್ ಆ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸುತ್ತದೆ, ಬಿಡಿಸಿದ್ದರಲ್ಲಿ ಒಂದೊಂದೇ ತರಂಗಾಂತರವನ್ನು ಆರಿಸಿ ಮುಂದೆ ಕಳಿಸುತ್ತದೆ. ಎದುರಿಗೆ 1 ಸೆಂಟಿಮೀಟರ್ ಅಗಲದ ಚೌಕ ಕೊಳವೆ, ಅದರ ಹೆಸರು ಕ್ಯೂವೆಟ್. ಅದರಲ್ಲಿ ನಮ್ಮ ದ್ರಾವಣ. ಈ ಕಡೆಯಿಂದ ಎಷ್ಟು ಬೆಳಕು ಹೋಯಿತು, ಆ ಕಡೆ ಎಷ್ಟು ಬಂತು ಎಂಬ ಲೆಕ್ಕವೇ ಯಂತ್ರದ ಕೆಲಸ. ಹತ್ತರಲ್ಲಿ ಒಂದು ಪಾಲು ಮಾತ್ರ ಹೊರಬಂದರೆ ಹೀರಿಕೆ 1, ನೂರರಲ್ಲಿ ಒಂದು ಪಾಲು ಬಂದರೆ 2. ಮಾಮೂಲಿ ಗಾಜು ನೇರಳಾತೀತದ ಬಹುಪಾಲನ್ನು ತಾನೇ ನುಂಗಿಬಿಡುತ್ತದೆ, ಹಾಗಾಗಿ ಆ ಭಾಗಕ್ಕೆ ಕ್ವಾರ್ಟ್ಸ್ ಕ್ಯೂವೆಟ್ ಬೇಕು. ಅದರ ನುಣುಪಾದ ಬದಿಯನ್ನು ಬೆರಳಿನಿಂದ ಮುಟ್ಟಿದವರಿಗೆ ಲ್ಯಾಬಿನಲ್ಲಿ ಕ್ಷಮೆಯಿಲ್ಲ.

ಇದರ ಹಿಂದಿನ ತತ್ವ ಹಳೆಯದು, ಚಹಾ ಮಾಡುವವರಿಗೆಲ್ಲ ಗೊತ್ತಿರುವಂಥದ್ದು. ಪುಡಿ ಹೆಚ್ಚು ಹಾಕಿದರೆ ಚಹಾ ಕಪ್ಪಗಾಗುತ್ತದೆ, ಅದೇ ಚಹಾವನ್ನು ಆಳದ ಪಾತ್ರೆಗೆ ಹಾಕಿದರೂ ಕಪ್ಪಗೆ ಕಾಣುತ್ತದೆ. ಆಳದ ಮಾತನ್ನು 1729ರಲ್ಲಿ ಬೂಗೇರ್ ಹೇಳಿದ, 1760ರಲ್ಲಿ ಲ್ಯಾಂಬರ್ಟ್ ಅದನ್ನು ಗಣಿತಕ್ಕೆ ಇಳಿಸಿದ, 1852ರಲ್ಲಿ ಬೇರ್ ಸಾಂದ್ರತೆಯ ಮಾತನ್ನು ಸೇರಿಸಿದ. 1941ರಲ್ಲಿ ಅಮೆರಿಕದ ಆರ್ನಲ್ಡ್ ಬೆಕ್‌ಮನ್ ಅವರ ಕಂಪನಿ ಡಿಯು ಎಂಬ ಉಪಕರಣವನ್ನು ಮಾರುಕಟ್ಟೆಗೆ ತಂದ ಮೇಲೆ, ಬಹಳ ಹೊತ್ತು ಹಿಡಿಯುತ್ತಿದ್ದ ಅಳತೆಗಳು ನಿಮಿಷಗಳಿಗೆ ಇಳಿದವು.

ನನ್ನ ಬಿಳಿ ಪುಡಿಯನ್ನು ಇಟ್ಟಾಗ ಕಾಣುವ ಬೆಳಕಿನ ಉದ್ದಕ್ಕೂ ಗೆರೆ ಹೆಚ್ಚುಕಡಿಮೆ ಮಟ್ಟಸ. 370 ನ್ಯಾನೊಮೀಟರಿನ ಹತ್ತಿರ ಬಂದಂತೆ ಗೋಡೆಯ ಹಾಗೆ ಎದ್ದು ನಿಲ್ಲುತ್ತಿತ್ತು. 1240ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. ಅದು ಜಿಂಕ್ ಆಕ್ಸೈಡಿನ ಬ್ಯಾಂಡ್ ಗ್ಯಾಪ್, ಅಂದರೆ ಅದರೊಳಗಿನ ಎಲೆಕ್ಟ್ರಾನ್ ಒಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಹಾರಲು ಬೇಕಾದ ಶಕ್ತಿ. ಅದನ್ನು ಇನ್ನಷ್ಟು ನಿಖರವಾಗಿ ತೆಗೆಯಲು ಯಾನ್ ಟೌಟ್ಸ್ ಎಂಬ ವಿಜ್ಞಾನಿಯ ಹೆಸರಿನ ಒಂದು ಗ್ರಾಫ್ ಎಳೆಯುತ್ತೇವೆ. ಬಿಸಿಲಿಗೆ ಹಚ್ಚುವ ಕ್ರೀಮಿನಲ್ಲಿ ಜಿಂಕ್ ಆಕ್ಸೈಡ್ ಹಾಕುವುದು ಇದೇ ಗೋಡೆಗಾಗಿ. ಕಣ್ಣಿಗೆ ಬರೀ ಬಿಳಿಯಾಗಿ ಕಂಡ ಪುಡಿ ಕಾಣದ ಬೆಳಕನ್ನು ತಡೆದು ನಿಲ್ಲಿಸುತ್ತಿರುತ್ತದೆ.

ಈ ಯಂತ್ರದ ಜೊತೆ ಕೆಲಸ ಮಾಡುತ್ತಾ ನನಗೆ ಮನಸ್ಸಿಗೆ ಹತ್ತಿದ ಮಾತೆಂದರೆ, ಬಣ್ಣ ಎಂಬುದು ವಸ್ತು ಇಟ್ಟುಕೊಂಡದ್ದಲ್ಲ, ಬಿಟ್ಟುಕೊಟ್ಟದ್ದು. ಅರಿಸಿನ ಹಳದಿಯಾಗಿ ಕಾಣುವುದು ಅದರೊಳಗಿನ ಕರ್ಕ್ಯುಮಿನ್ ನೀಲಿಯನ್ನು ತಿನ್ನುವುದರಿಂದ. ಆಲ್ಕೊಹಾಲಿನಲ್ಲಿ ಕರಗಿಸಿದ ಕರ್ಕ್ಯುಮಿನ್ 425 ನ್ಯಾನೊಮೀಟರಿನ ಹತ್ತಿರದ ಬೆಳಕನ್ನು ಅತಿ ಹೆಚ್ಚು ಹೀರುತ್ತದೆ. ಬಿಳಿ ಬೆಳಕಿನಿಂದ ಆ ನೀಲಿ-ನೇರಳೆ ಭಾಗವನ್ನು ಕಳೆದರೆ ಉಳಿಯುವುದೇ ಹಳದಿ. ಗುಡ್ಡದ ತುಂಬ ನಾವು ನೋಡುವುದು ಅರಿಸಿನ ಬೇಡ ಎಂದು ಬಿಟ್ಟ ಬೆಳಕನ್ನು. ಹಾಗಾದರೆ ನೀಲಿಯನ್ನು ತಿನ್ನುವ ಬೇರೆ ಯಾವ ವಸ್ತುವಾದರೂ ಇದೇ ಹಳದಿಯಾಗಿ ಕಾಣಬೇಕಲ್ಲ? ಕಾಣುತ್ತದೆ. ಮೋಸ ಮಾಡುವವರಿಗೆ ಇದು ನಮಗಿಂತ ಮೊದಲೇ ಗೊತ್ತು.

ಒಂದು ಚಳಿಗಾಲದ ರಜೆಗೆ ಊರಿಗೆ ಹೋದಾಗ ಅವ್ವ ಎರಡು ಪೊಟ್ಟಣ ಕಟ್ಟಿ ಮುಂದಿಟ್ಟಳು. ಒಂದರಲ್ಲಿ ನಾವು ಸಾರಿಗೆ ಹಾಕುವ, ಕೊಂಬು ತಂದು ಖಾರದ ಗಿರಣಿಯಲ್ಲಿ ಬೀಸಿಸಿದ ಅರಿಸಿನ. ಇನ್ನೊಂದರಲ್ಲಿ ಭಾರತ ಹುಣ್ಣಿಮೆಗೆಂದು ಒಬ್ಬ ಹೋಲ್‌ಸೇಲ್ ವ್ಯಾಪಾರಿಯಿಂದ ತಂದ ಐವತ್ತು ಕಿಲೋ ಚೀಲದ ಭಂಡಾರ. ಹಿಂದಿನ ಹುಣ್ಣಿಮೆಗೆ ಅವಳಿಂದ ಭಂಡಾರ ಒಯ್ದ ಹೆಣ್ಣುಮಗಳೊಬ್ಬಳು ಮರುದಿನ ಬಂದು, ಕೂಸಿನ ಹಣೆ ಕೆಂಪಗೆ ದದ್ದು ಎದ್ದದ್ದನ್ನು ತೋರಿಸಿ ಹೋಗಿದ್ದಳಂತೆ. ಜಗಳ ಮಾಡಲಿಲ್ಲ, ರೊಕ್ಕವನ್ನೂ ಕೇಳಲಿಲ್ಲ, ಬರೀ ತೋರಿಸಿದಳು. ಅವ್ವನಿಗೆ ಅದೇ ಹತ್ತಿಕೊಂಡಿತ್ತು.

“ನಿಮ್ಮಲ್ಲಿ ಬಣ್ಣಾ ನೋಡೂ ಮಿಷಿನ್ ಐತೆಂತ ಹೇಳಿದ್ದೆಲ್ಲವಾ. ಇವೆರಡನ್ನೂ ಅದರಾಗ ಇಟ್ಟು ನೋಡು” ಅಂದಳು.

“ನೀ ಏನೂ ನೋಡಿಲ್ಲೇನ ಬೇ?”

“ನೋಡೇನಿ. ಸುಣ್ಣಾ ಹಚ್ಚಿ ನೋಡೇನಿ. ಎರಡೂ ಕೆಂಪ ಆದವು.”

ಆರತಿ ನೀರು ಕಲಸುವ ಮನೆಗಳಲ್ಲೆಲ್ಲ ಈ ಪರೀಕ್ಷೆ ಗೊತ್ತು. ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಕ್ಷಾರದಲ್ಲಿ ಕರ್ಕ್ಯುಮಿನ್ ತನ್ನ ರೂಪ ಬದಲಿಸಿಕೊಳ್ಳುತ್ತದೆ, ಅದು ತಿನ್ನುವ ಬೆಳಕು ನೀಲಿಯಿಂದ ಹಸಿರಿನ ಕಡೆ ಸರಿಯುತ್ತದೆ, ಆಗ ಉಳಿಯುವುದು ಕೆಂಪು. ಅವ್ವ ಎಲೆಯಡಿಕೆಯ ಚೀಲದಿಂದ ಸುಣ್ಣ ತೆಗೆದು ಅಂಗೈಯಲ್ಲಿ ಮಾಡಿದ್ದು ಪಕ್ಕಾ ಪ್ರಯೋಗವೇ. ಪುಡಿಯಲ್ಲಿ ಅರಿಸಿನ ಇದೆಯೇ ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರ ಕೊಟ್ಟಿತ್ತು. ಅರಿಸಿನದ ಜೊತೆ ಬೇರೆ ಏನಿದೆ ಎಂಬ ಪ್ರಶ್ನೆಯನ್ನು ಸುಣ್ಣಕ್ಕೆ ಕೇಳಲು ಬರುವುದಿಲ್ಲ.

ಇನಾಂಹೊಂಗಲ, ಅಮ್ಮಿನಬಾವಿ ದಾಟಿ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಆ ಎರಡು ಪೊಟ್ಟಣ ನನ್ನ ಪರ್ಸಿನಲ್ಲಿದ್ದವು. ಗೈಡ್ ಅನುಮತಿ ಕೊಟ್ಟರು. ಅರಿಸಿನದ ಬಣ್ಣದ ಬಲವನ್ನು ಅಳೆಯಲು ಐಎಸ್ಒ 5566 ಎಂಬ ಅಂತರರಾಷ್ಟ್ರೀಯ ವಿಧಾನವೇ ಇದೆ. ಅದರ ದಾರಿಯಲ್ಲೇ ನಡೆದೆ. ಒಂದೊಂದರಿಂದ 0.1 ಗ್ರಾಂ ತೂಗಿ, ಆಲ್ಕೊಹಾಲಿನಲ್ಲಿ ಎರಡೂವರೆ ಗಂಟೆ ಕುದಿಸಿ, ಸೋಸಿ, 100 ಮಿಲಿಲೀಟರಿಗೆ ತಂದು, ಅದರಲ್ಲಿ 1 ಮಿಲಿಲೀಟರನ್ನು ಮತ್ತೆ 25ಕ್ಕೆ ತೆಳು ಮಾಡಿ ಕ್ಯೂವೆಟ್ಟಿಗೆ ಹಾಕಿದೆ. ಲೀಟರಿಗೆ 0.0025 ಗ್ರಾಂ ಶುದ್ಧ ಕರ್ಕ್ಯುಮಿನ್ ಇದ್ದರೆ 425ರಲ್ಲಿ ಹೀರಿಕೆ 0.42 ಬರಬೇಕು, ಇದು ಅಳತೆಗೋಲು.

ಮನೆಯ ಅರಿಸಿನ 0.20 ತೋರಿಸಿತು. ಲೆಕ್ಕ ಹಾಕಿದರೆ ಶೇ. 3ರ ಹತ್ತಿರ ಕರ್ಕ್ಯುಮಿನ್. ಒಳ್ಳೆಯ ಅರಿಸಿನಕ್ಕೆ ಇದು ಸರಿ. ಚೀಲದ ಭಂಡಾರ 0.31 ತೋರಿಸಿತು. ಅಂದರೆ ಶೇ. 4.6. ಆ ಒಂದು ಸಂಖ್ಯೆಯನ್ನು ಬರೆದುಕೊಂಡು ಎದ್ದು ಬಂದಿದ್ದರೆ, ಅರ್ಧ ದರದ ಚೀಲದ ಪುಡಿಯೇ ಮನೆಯ ಅರಿಸಿನಕ್ಕಿಂತ ಒಂದೂವರೆ ಪಟ್ಟು ಉತ್ತಮ ಎಂದು ಪ್ರಮಾಣಪತ್ರ ಕೊಡಬಹುದಿತ್ತು.

ಆದರೆ ಯಂತ್ರ ಒಂದು ಸಂಖ್ಯೆಯನ್ನಲ್ಲ, ಒಂದು ಇಡೀ ಗೆರೆಯನ್ನು ಎಳೆಯುತ್ತದೆ. ಎರಡೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಮನೆಯ ಅರಿಸಿನದ ಗುಡ್ಡಕ್ಕೆ 425ರಲ್ಲಿ ತುದಿ, ಬಲಗಡೆ ಒಂದು ಸಣ್ಣ ಭುಜ, ಆಮೇಲೆ 500ಕ್ಕೆ ಬರುವಷ್ಟರಲ್ಲಿ ಕಡಿದಾದ ಇಳಿಜಾರು. ಚೀಲದ ಪುಡಿಯ ಗುಡ್ಡದ ತುದಿಯೂ ಹೆಚ್ಚುಕಡಿಮೆ ಅಲ್ಲೇ, ಆದರೆ ಭುಜ ಅಳಿಸಿಹೋಗಿದೆ, ಬುಡ ಎರಡೂ ಕಡೆ ಹರಡಿಕೊಂಡಿದೆ. ಎರಡು ಗುಡ್ಡಗಳು ಒಂದರೊಳಗೊಂದು ಕೂತಿವೆ ಎನ್ನುವ ಆಕಾರ ಅದು.

ಆಮೇಲೆ ಮಾಡಿದ್ದು ಯಾವ ಯಂತ್ರವೂ ಬೇಡದ ಪರೀಕ್ಷೆ. ಎರಡೂ ದ್ರಾವಣಗಳಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದೆ. ಎರಡೂ ಕೆಂಪು ಛಾಯೆಗೆ ತಿರುಗಿದವು. ಆಮೇಲೆ ನೀರು ಬೆರೆಸಿದೆ. ಮನೆಯ ಅರಿಸಿನ ಮತ್ತೆ ಹಳದಿಗೆ ಬಂತು. ಚೀಲದ್ದು ಗುಲಾಬಿಯಾಗಿಯೇ ನಿಂತಿತು. ಮತ್ತೆ ಯಂತ್ರಕ್ಕೆ ಇಟ್ಟರೆ 500 ದಾಟಿದ ಕಡೆ, ಅರಿಸಿನಕ್ಕೆ ಇರಬಾರದ ಜಾಗದಲ್ಲಿ, ಒಂದು ಹೊಸ ಗುಡ್ಡ ಎದ್ದಿತ್ತು. ಆಹಾರದಲ್ಲಿ ಬಳಸಬಾರದೆಂದು ನಿಷೇಧವಿರುವ ಮೆಟಾನಿಲ್ ಯೆಲ್ಲೋ ಎಂಬ ಬಟ್ಟೆಯ ಬಣ್ಣ ಹೀಗೆಯೇ ನಡೆದುಕೊಳ್ಳುತ್ತದೆ. ಅದೇ ಎಂದು ಹೆಸರು ಹಿಡಿದು ಹೇಳಲು, ಬಣ್ಣಗಳನ್ನು ಒಂದರಿಂದ ಒಂದು ಬೇರ್ಪಡಿಸುವ ಕ್ರೊಮಟೋಗ್ರಫಿ ಬೇಕು. ಅರಿಸಿನವಲ್ಲದ ಬಣ್ಣ ಇದೆ ಎಂದು ಹೇಳಲು ಇಷ್ಟು ಸಾಕಿತ್ತು. ಸೋಸಿದ ಕಾಗದದ ಮೇಲೆ ಉಳಿದ ಗಸಿಗೆ ಒಂದು ಹನಿ ಆಮ್ಲ ಹಾಕಿದರೆ ನೊರೆ ಉಕ್ಕಿತು. ಅದು ಸೀಮೆಸುಣ್ಣದಂಥ ಕಾರ್ಬೊನೇಟಿನ ಲಕ್ಷಣ, ತೂಕಕ್ಕೆ ಹಾಕಿದ್ದು.

ಇನ್ನೊಂದು ಹಳದಿಯ ಭಯವೂ ನನಗಿತ್ತು, ಲೆಡ್ ಕ್ರೋಮೇಟ್. ಅದು ಸೀಸದ ಬಣ್ಣ, ಆಲ್ಕೊಹಾಲಿನಲ್ಲಿ ಕರಗುವುದಿಲ್ಲ. ಹಾಗಾಗಿ ನಾವು ಕ್ಯೂವೆಟ್ಟಿಗೆ ಹಾಕುವ ತಿಳಿಯಲ್ಲಿ ಅದು ಸಿಗುವುದೇ ಇಲ್ಲ, ಯಂತ್ರ ಎಷ್ಟೇ ಒಳ್ಳೆಯದಿರಲಿ. ಅದು ಇದ್ದರೆ ಬಣ್ಣ ತೆಗೆದ ಮೇಲೂ ಗಸಿ ಹಳದಿಯಾಗಿಯೇ ಉಳಿಯುತ್ತದೆ. ನಮ್ಮ ಗಸಿ ಬೆಳ್ಳಗಾಗಿತ್ತು. ಅಷ್ಟರ ಮಟ್ಟಿಗೆ ಉಸಿರು ಬಿಟ್ಟೆ.

ಈ ಭಯ ಸುಮ್ಮನೆ ಬಂದದ್ದಲ್ಲ. ಬಾಂಗ್ಲಾದೇಶದಲ್ಲಿ ಅರಿಸಿನದ ಕೊಂಬಿಗೆ ಲೆಡ್ ಕ್ರೋಮೇಟ್ ಹಚ್ಚಿ ಹೊಳಪು ಕೊಡುತ್ತಿದ್ದದ್ದನ್ನು 2019ರಲ್ಲಿ ಪ್ರಕಟವಾದ ಸಂಶೋಧನೆ ಬಯಲಿಗೆ ತಂದಿತು. ಅದು ಶುರುವಾದ ಬಗೆಯನ್ನು ಓದಿದಾಗ ನನಗೆ ನಮ್ಮ ಗುಡ್ಡದ ದಾರಿ ನೆನಪಾಯಿತು. 1980ರ ದಶಕದಲ್ಲಿ ನೆರೆಗೆ ಸಿಕ್ಕು ಕೊಂಬು ಮಂಕಾದವು, ಮಂಕಾದ ಕೊಂಬನ್ನು ಕೊಳ್ಳುವವರಿಲ್ಲ, ಅದಕ್ಕೆ ಬಣ್ಣ ಬಂತು. ನೆರೆ ಇಳಿದ ಮೇಲೂ ಬಣ್ಣ ಇಳಿಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಕೊಳ್ಳುವವರ ಕಣ್ಣು ಆ ಹೊಳಪಿಗೆ ಒಗ್ಗಿತ್ತು. ಸರ್ಕಾರ ಮನಸ್ಸು ಮಾಡಿ, ಮಾರುಕಟ್ಟೆಯಲ್ಲೇ ಯಂತ್ರ ಹಿಡಿದು ಪರೀಕ್ಷಿಸಿ, ದಂಡ ಹಾಕಿ, ಜನರಿಗೆ ತಿಳಿಹೇಳಿದ ಮೇಲೆ, 2019ರಲ್ಲಿ ಶೇ. 47 ಮಾದರಿಗಳಲ್ಲಿ ಸಿಕ್ಕ ಸೀಸ 2021ರ ಹೊತ್ತಿಗೆ ಸೊನ್ನೆಗೆ ಇಳಿಯಿತು. ಎರಡೇ ವರ್ಷ. ಆಗುವುದಿಲ್ಲ ಎನ್ನುವವರಿಗೆ ಹೇಳಲು ನಾನು ಈ ಲೆಕ್ಕವನ್ನು ನೆನಪಿಟ್ಟುಕೊಂಡಿದ್ದೇನೆ.

ಆ ಶನಿವಾರವೇ ಊರಿಗೆ ಹೋದೆ. ಗ್ರಾಫಿನ ಕಾಗದವನ್ನೂ ಒಯ್ದಿದ್ದೆ. ಅವ್ವ ಅದನ್ನು ತಿರುಗಿಸಿ ನೋಡಿದಳು.

“ಏನಂತೈತಿ ಇದು?”

“ಇದರಾಗ ಅರಿಸಿನ ಐತಿ ಬೇ. ಆದ್ರ ಅರಿಸಿನ ಅಷ್ಟ ಇಲ್ಲ. ಬ್ಯಾರೇ ಬಣ್ಣಾ ಕೂಡೇತಿ, ಸೀಮೆಸುಣ್ಣದಂಥಾದ್ದೂ ಕೂಡೇತಿ.”

“ಅರಿಸಿನ ಎಷ್ಟೈತಿ?”

“ಇಷ್ಟ ಅಂತ ಹೇಳಾಕ ಬರೂದಿಲ್ಲ. ಎರಡೂ ಬಣ್ಣ ಒಂದ ಜಾಗಾದಾಗ ಕುಂತಾವು.”

“ಅಷ್ಟ ದೊಡ್ಡ ಮಿಷಿನ್ ಇಟ್ಕೊಂಡು ಅದನ್ನ ಹೇಳಾಕ ಬರೂದಿಲ್ಲಂದ್ರ!” ಎಂದು ನಕ್ಕಳು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಮಾತಾಡದೇ ಇರುವುದಕ್ಕೆ ಕಾರಣವಿತ್ತು. ಹುಣ್ಣಿಮೆಗೆ ಮೂರು ವಾರ ಉಳಿದಿತ್ತು. ಚೀಲಕ್ಕೆ ರೊಕ್ಕ ಕೊಟ್ಟಾಗಿತ್ತು. ಅದನ್ನು ಮಾರದಿದ್ದರೆ ವರ್ಷದ ದೊಡ್ಡ ದುಡಿಮೆ ಹೋದಂತೆ. ಮಾರಿದರೆ ಕೇಳುವವರು ಯಾರೂ ಇಲ್ಲ. ಮುಷ್ಟಿಯಿಂದ ತೂರಿದ ಪುಡಿಗೆ ವಿಳಾಸ ಇರುವುದಿಲ್ಲ, ಯಾರ ಅಂಗಡಿಯ ಭಂಡಾರ ಯಾರ ಹಣೆಯ ಮೇಲೆ ಬಿತ್ತು ಎಂದು ಯಾವ ಸ್ಪೆಕ್ಟ್ರೋಫೋಟೋಮೀಟರೂ ಹೇಳಲಾರದು. ನನ್ನ ಓದಿನ ಖರ್ಚೂ ಆ ಚೀಲದಲ್ಲೇ ಇತ್ತು, ಅದನ್ನು ಅವ್ವ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮರುದಿನ ಚೀಲದ ಜೊತೆ ನಾವಿಬ್ಬರೂ ವ್ಯಾಪಾರಿಯ ಹತ್ತಿರ ಹೋದೆವು. ಅವನು ಗ್ರಾಫಿನ ಕಡೆ ನೋಡಲಿಲ್ಲ. ಚೀಲವನ್ನು ತೋರಿಸಿ, “ಪೂಜಾ ಪೌಡರ್ ಅಂತ ಬರದೈತಿ ನೋಡ್ರಿ. ಅರಿಸಿನ ಅಂತ ಎಲ್ಲರ ಬರದೇನೇನು? ಇದು ತೂರೂದು, ತಿನ್ನೂದಲ್ಲ” ಅಂದ. ಅವನ ಮಾತಿನಲ್ಲಿ ಸುಳ್ಳು ಇರಲಿಲ್ಲ. ಚೀಲದ ಮೇಲೆ ಅರಿಸಿನ ಎಂಬ ಪದ ಎಲ್ಲಿಯೂ ಇರಲಿಲ್ಲ.

ಅವ್ವ ಹೇಳಿದಳು: “ಬಾಯಾಗ ಹಾಕ್ಕೊಳ್ಳೂ ಮುಂದ ಯಾರೂ ಚೀಲಾ ಓದೂದಿಲ್ಲಪಾ.”

ರೊಕ್ಕ ವಾಪಸು ಬರಲಿಲ್ಲ. ಚೀಲ ನಮ್ಮ ಜೊತೆಯೇ ಮನೆಗೆ ಬಂತು. ಅವ್ವ ಭಿಶಿಯ ರೊಕ್ಕ ಮುಂಚಿತವಾಗಿ ಎತ್ತಿ ಇಪ್ಪತ್ತು ಕಿಲೋ ಅರಿಸಿನ ಕೊಂಬು ತರಿಸಿದಳು. ಗಿರಣಿಯವನ ಎದುರು ನಿಂತು ಬೀಸಿಸಿದಳು. ಆ ವರ್ಷದ ಭಾರತ ಹುಣ್ಣಿಮೆಗೆ ನಾನೂ ಅಂಗಡಿಯಲ್ಲಿ ಕೂತಿದ್ದೆ. ಆ ದಾರಿಯ ಬೇರೆ ತಾಟುಗಳಲ್ಲಿ ಬಿಸಿಲಿಗೆ ಕಣ್ಣು ಕುಕ್ಕುವ ಹಳದಿ ಇತ್ತು. ಅದರಲ್ಲಿ ಯಾವುದು ಏನು ಎಂದು ನೋಡಿ ಹೇಳಲು ನನ್ನಿಂದ ಸಾಧ್ಯವಿರಲಿಲ್ಲ, ಯಾರಿಂದಲೂ ಸಾಧ್ಯವಿಲ್ಲ. ನಮ್ಮ ತಾಟಿನ ಹಳದಿಗೆ ಮಾತ್ರ ಒಂದು ಮಣ್ಣಿನ ಛಾಯೆ ಇತ್ತು. ಬಂದವರು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

“ಮಂಕ ಐತೆಲ್ಲಬೇ. ಹಳೇದೇನು?”

“ಹೊಸಾದವಾ. ಅರಿಸಿನ ಇರೂದ ಹಿಂಗ. ಮೂಸಿ ನೋಡು.”

ಮೂಸಿ ನೋಡಿದವರಲ್ಲಿ ಹಲವರು ಕೊಂಡರು. ದರ ಕೇಳಿ ಮುಂದೆ ಹೋದವರೂ ಬಹಳ ಮಂದಿ. ಒಬ್ಬ ಮುದುಕ ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ, ಏನೂ ಹೇಳದೆ ಪಾವು ಕಿಲೋ ಕಟ್ಟಿಸಿಕೊಂಡ. ಸಂಜೆಗೆ ತಾಟಿನ ಮುಂದೆ ಕೂತು ಲೆಕ್ಕ ಹಾಕಿದಾಗ ಹೂಡಿದ ರೊಕ್ಕ ಬಂದಿತ್ತು, ಮೇಲೆ ಸ್ವಲ್ಪ ಉಳಿದಿತ್ತು. ಹಿಂದಿನ ವರ್ಷಗಳ ಲಾಭ ಇರಲಿಲ್ಲ. ಆರು ಕಿಲೋ ಭಂಡಾರವೂ ಉಳಿದಿತ್ತು.

ಆ ಆರು ಕಿಲೋ ಏನು ಮಾಡೋದು ಅಂತ ನಾನು ಕೇಳಿದೆ. ಅವ್ವ ಡಬ್ಬಿಗೆ ತುಂಬುತ್ತಾ, “ಏನ ಮಾಡೂದು ಅಂದ್ರ? ಸಾರಿಗೆ ಹಾಕೂದು. ಮಾರಿ ಉಳದದ್ದು ಮನ್ಯಾಗ ಸಾರಿಗೆ ಬರಬೇಕು, ಬರದಿದ್ರ ಅದನ್ನ ಮಂದಿಗೆ ಕೊಡಬಾರದು” ಅಂದಳು. ಐಎಸ್ಒ ವಿಧಾನದಲ್ಲಿ ಈ ಮಾತಿಲ್ಲ. ಈಗ ನಾನು ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬೇರ್-ಲ್ಯಾಂಬರ್ಟ್ ನಿಯಮದ ದಿನ ಮಕ್ಕಳಿಗೆ 0.20 ಮತ್ತು 0.31ರ ಕಥೆ ಹೇಳುತ್ತೇನೆ. 425ರ ಒಂದು ಸಂಖ್ಯೆಯನ್ನು ನೋಡಿ ಎದ್ದು ಬರಬೇಡಿ, ಇಡೀ ಗೆರೆ ನೋಡಿ, ಗೆರೆಯೂ ಹೇಳದಿದ್ದರೆ ಆಮ್ಲ ಹಾಕಿ, ಅದೂ ಸಾಲದಿದ್ದರೆ ಕಾಗದದ ಮೇಲಿನ ಗಸಿಯನ್ನು ನೋಡಿ ಎನ್ನುತ್ತೇನೆ. ಅವ್ವನೂ ಈಗ ಯಾರದಾದರೂ ಚೀಲ ಕೊಳ್ಳುವ ಮೊದಲು ಎರಡು ಚಮಚ ಪೊಟ್ಟಣ ಕಟ್ಟಿ ಬಸ್ಸಿಗೆ ಕೊಟ್ಟು ಕಳಿಸುತ್ತಾಳೆ.

ಆ ಐವತ್ತು ಕಿಲೋ ಚೀಲ ಇನ್ನೂ ನಮ್ಮ ಹಿತ್ತಲಿನ ಕೋಣೆಯಲ್ಲಿದೆ. ಹೊಲಕ್ಕೆ ಹಾಕಲು ಅವ್ವ ಒಪ್ಪುವುದಿಲ್ಲ, ಮಲಪ್ರಭೆಗೆ ಬಿಡಲು ನಾನು ಒಪ್ಪುವುದಿಲ್ಲ. ಪ್ರಯೋಗಾಲಯದಲ್ಲಾದರೆ ಇಂಥದ್ದಕ್ಕೆ ಚೀಟಿ ಅಂಟಿಸಿದ ಬೇರೆ ಡಬ್ಬಿ ಇರುತ್ತದೆ, ಊರಿನಲ್ಲಿ ಅಂಥ ಡಬ್ಬಿ ಇಲ್ಲ. ಅದರ ಬಾಯಿಯನ್ನು ಅವ್ವ ಸುತಳಿಯಿಂದ ಬಿಗಿಯಾಗಿ ಹೊಲಿದು, ಅರಿಯದವರು ಯಾರಾದರೂ ಬಿಚ್ಚಿಯಾರು ಅಂತ, ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಒಂದು ಗುಣಾಕಾರದ ಗುರುತು ಹಾಕಿದ್ದಾಳೆ.